ಬಂಡೆಗೆ ರೆಕ್ಕೆ ಉಜ್ಜದ ಕೆಂಚಿ

“ಬೆಟ್ಟ ದಾಟುವ ಮಾತು ಆಮೇಲಾಯಿತು. ಮೊದಲು ಈ ಕೆರೆಯ ಆಚೆ ದಡ ಮುಟ್ಟು ನೋಡೋಣ” ಎಂದು ಎಲ್ಲರ ಮುಂದೆ ನಕ್ಕವನು ಬೋರಜ್ಜ.

ಲೋಕ ಇನ್ನೂ ಹೊಸದಾಗಿದ್ದ ಕಾಲ ಅದು. ಹೊಳೆಗಳು ತಮ್ಮ ದಾರಿ ಹುಡುಕಿಕೊಳ್ಳುತ್ತಿದ್ದವು. ಬೋರಜ್ಜ ಕವಲುತೋಕೆ ಹಕ್ಕಿಗಳ ಹಿರಿಯ. ಅವನು ನಕ್ಕಿದ್ದು ಬೆಟ್ಟ ದಾಟುತ್ತೇನೆಂದ ಕೆಂಚಿಯನ್ನು ನೋಡಿ.

ಕೆಂಚಿ ಗೂಡಿನ ಕೊನೆಯ ಮೊಟ್ಟೆಯೊಡೆದು ಬಂದವಳು. ಹುಟ್ಟಿನಿಂದಲೇ ಸಣಕಲಿ. ಮೊಂಡುತನ ಮಾತ್ರ ದಷ್ಟಪುಷ್ಟವಾಗಿತ್ತು.

ಆಗ ಹಕ್ಕಿಗಳ ರೆಕ್ಕೆ ಹಸಿ ಮಣ್ಣಿನ ಹಾಗೆ. ಹೇಗೆ ಹಾರಿದರೆ ಹಾಗೆ ಬೆಳೆಯುತ್ತಿತ್ತು. ದೂರ ಹಾರಿದರೆ ಉದ್ದ, ಗಿರಗಿರ ತಿರುಗಿದರೆ ಅಗಲ. ಆದರೆ ಕವಲುತೋಕೆಗಳಲ್ಲಿ ಒಂದು ಪದ್ಧತಿಯಿತ್ತು. ಬೆಳಗಾದರೆ ಎಲ್ಲರೂ ಕೆರೆದಂಡೆಯ ಒರಟು ಬಂಡೆಗೆ ರೆಕ್ಕೆಯ ತುದಿ ಉಜ್ಜಬೇಕು. ಅಳತೆ ಮೀರಿದ್ದು ಸವೆದುಹೋಗಬೇಕು.

“ಸಾಲಾಗಿ ಕೂತರೆ ಒಂದೇ ತಾಯಿ ಮಕ್ಕಳ ಹಾಗೆ ಕಾಣಬೇಕು” ಎನ್ನುತ್ತಿದ್ದ ಬೋರಜ್ಜ.

ಉಜ್ಜಿ ಉಜ್ಜಿ ಎಲ್ಲರ ರೆಕ್ಕೆಯೂ ಒಂದೇ ಸಮ ಮೋಟಾಗಿತ್ತು. ಆ ರೆಕ್ಕೆಗೆ ಕೆರೆಯ ಈ ದಡವೇ ಲೋಕ. ಬೇಸಿಗೆಯಲ್ಲಿ ನೀರು ಬತ್ತಿದರೆ ನೊಣವಿಲ್ಲ, ನುಸಿಯಿಲ್ಲ. ಹೋದ ಬೇಸಿಗೆ ಕೆಂಚಿಯ ಮರಿಗಳು ತುತ್ತಿಗಾಗಿ ಬಾಯಿ ತೆರೆದುಕೊಂಡೇ ಗೂಡಿನಲ್ಲಿ ತಣ್ಣಗಾದವು. ಇನ್ನೊಮ್ಮೆ ಹಾಗಾಗಲು ಬಿಡುವುದಿಲ್ಲ ಎಂದು ಅವಳು ಅಂದೇ ನಿಶ್ಚಯಿಸಿದಳು.

ಒಂದು ದಿನ ಬಡಗಣದಿಂದ ಗಾಳಿ ಬಂತು. “ಬೆಟ್ಟಗಳ ಆಚೆ ಬೇಸಿಗೆಯ ಹಗಲು ಬಲು ಉದ್ದ. ನೊಣಗಳು ಮೋಡದ ಹಾಗೆ ಏಳುತ್ತವೆ” ಎಂದಿತು.

“ನನ್ನನ್ನು ಹೊತ್ತುಕೊಂಡು ಹೋಗ್ತೀಯಾ, ಗಾಳಿಯಣ್ಣ?”

“ಹೊತ್ತುಕೊಂಡು ಹೋಗೋಕೆ ನೀನೇನು ತರಗೆಲೆಯಾ? ನೀನಾಗಿ ಹಾರೋದಾದರೆ ಪಕ್ಕದಲ್ಲಿ ಬರ್ತೀನಿ.”

ಮರುದಿನ ಕೆಂಚಿ ಬಂಡೆಯ ಹತ್ತಿರ ಸುಳಿಯಲಿಲ್ಲ.

“ಏ ಕೆಂಚಿ, ಬಂಡೆ ಇತ್ತ ಕಡೆ ಇದೆ!” ಬೋರಜ್ಜ ಕೂಗಿದ.

“ಕಂಡಿದೀನಿ ಅಜ್ಜ. ಅದು ಅಲ್ಲೇ ಇರಲಿ.”

“ಉದ್ದ ರೆಕ್ಕೆ ಬಿಟ್ಟುಕೊಂಡು ಯಾವ ಮದುವೆಗೆ ಹೊರಟೆಯೇ?”

ಸಾಲಿಗೆ ಸಾಲೇ ಕಿಚಕಿಚ ನಕ್ಕಿತು. ಕೆಂಚಿ ಕೆರೆಯ ಮೇಲೆ ಹಾರಿದಳು. ನಡುನೀರಿನಲ್ಲೇ ಉಸಿರು ಕಟ್ಟಿತು. ಒಣಕೊರಡೊಂದಕ್ಕೆ ಹೇಗೋ ಜೋತುಬಿದ್ದಳು. ಅಕ್ಕ ನಿಂಗಿ ದಡದಿಂದಲೇ ಅರಚಿದಳು, “ಸಾಕು ಬಾರೇ! ನೋಡಿದವರು ನಗ್ತಾರೆ!”

“ನಗಲಿ ಬಿಡು, ನಿಂಗಕ್ಕ. ನಕ್ಕಷ್ಟೂ ಅವರ ಹೊಟ್ಟೆಯೇ ಹಸಿಯೋದು!”

ಅವಳು ಮತ್ತೆ ಹಾರಿದಳು. ಬಿದ್ದಳು, ಮತ್ತೆ ಹಾರಿದಳು. ಒಂದು ಬೆಳಗ್ಗೆ ಆಚೆ ದಡ ಮುಟ್ಟಿದಳು. ಆಮೇಲೆ ನಿಲ್ಲದೆ ಹೋಗಿ ಬಂದಳು. ಹಾರಿದಂತೆಲ್ಲ ರೆಕ್ಕೆ ಬಿದಿರೆಲೆಯ ಹಾಗೆ ನೀಳವಾಯಿತು. ತುದಿ ಚೂಪಾಯಿತು.

ಅವಳ ಗಂಡ ಈರ ಮಾತು ಕಮ್ಮಿಯವನು. ಅವನೂ ಬಂಡೆಗೆ ಹೋಗುವುದನ್ನು ಸದ್ದಿಲ್ಲದೆ ಬಿಟ್ಟಿದ್ದ.

“ನೀನ್ಯಾಕೆ ಬಿಟ್ಟೆ?” ಎಂದಳು ಕೆಂಚಿ.

“ನೀನು ಹೋದ ಮೇಲೆ ಇಲ್ಲಿ ನನ್ನನ್ನು ಬೈಯೋರು ಯಾರು?” ಎಂದ ಈರ.

ಬೇಸಿಗೆಯ ಬಿಸಿಲು ಏರುವ ಮೊದಲೇ ಇಬ್ಬರೂ ಹೊರಟರು. ಗಾಳಿ ಮಾತು ಕೊಟ್ಟಂತೆ ಪಕ್ಕದಲ್ಲಿ ಬಂತು. ಆದರೆ ಬೆಟ್ಟದ ನೆತ್ತಿಯಲ್ಲಿ ಅದಕ್ಕೂ ತಲೆ ಕೆಟ್ಟಿತು. ಗಿರ್ರನೆ ಸುತ್ತಿ ಎದುರಿನಿಂದ ಬಡಿಯಿತು.

“ಸೋತೆಯಾ, ಕೆಂಚಿ?” ಎಂದಿತು ಗಾಳಿ.

“ಸೋತರೆ ನಾನೇ ಹೇಳ್ತೀನಿ. ನೀನು ಕೇಳ್ತಾ ಕೂರಬೇಡ!”

ಮೋಟು ರೆಕ್ಕೆಯಾಗಿದ್ದರೆ ಆ ಹೊಡೆತಕ್ಕೆ ಮಡಚಿಹೋಗುತ್ತಿತ್ತು. ಕೆಂಚಿಯ ರೆಕ್ಕೆ ಗಾಳಿಯನ್ನು ಕುಡುಗೋಲಿನ ಹಾಗೆ ಸೀಳಿತು. ಬೆಟ್ಟ ಹಿಂದೆ ಸರಿಯಿತು. ಮುಂದೆ ಹಸಿರು ಕಣಿವೆ, ಮುಗಿಯದ ಹಗಲು, ಮೋಡದ ಹಾಗೆ ನೊಣ. ಇಬ್ಬರೂ ಕೊಕ್ಕಿನಲ್ಲಿ ಮಣ್ಣಿನ ಉಂಡೆ ತಂದು ತಂದು ಗೂಡು ಕಟ್ಟಿದರು. ಆ ಬೇಸಿಗೆ ಕೆಂಚಿಯ ಮರಿಗಳಲ್ಲಿ ಬಾಯಿ ತೆರೆದದ್ದೆಲ್ಲ ತುತ್ತು ಕಂಡಿತು. ಒಂದೂ ಸಾಯಲಿಲ್ಲ.

ಬಡಗಣದಲ್ಲಿ ಚಳಿ ಹುಟ್ಟಿದಾಗ ಅವರು ಹುಟ್ಟಿದ ಕೆರೆಗೆ ಮರಳಿದರು. ಹಿಂದೆಯೇ ಮಕ್ಕಳ ಹಿಂಡು, ಎಲ್ಲರದೂ ನೀಳ ರೆಕ್ಕೆ. ಬೋರಜ್ಜ ಬಿಟ್ಟ ಕಣ್ಣು ಬಿಟ್ಟಂತೆ ಕೂತ.

“ಇಷ್ಟು ದಿನ ಆಚೆ ದಡದಲ್ಲಿದ್ದೆಯೇನೇ?”

“ಹೂಂ ಅಜ್ಜ. ಆಚೆ ದಡ ಕೊಂಚ ದೂರ ಇತ್ತು.”

ಈ ಸಲ ಸಾಲು ನಕ್ಕಿದ್ದು ಬೋರಜ್ಜನನ್ನು ನೋಡಿ. ಅವನಿಗೆ ರೇಗಿತು. “ಅದೆಲ್ಲ ಇರಲಿ. ಮಕ್ಕಳನ್ನು ಬಂಡೆಗೆ ಕರಕೊಂಡು ಬಾ. ಸಾಲು ಕೆಡ್ತಾ ಇದೆ” ಎಂದ.

ಕೆಂಚಿ ಬಂಡೆಯ ಮೇಲೆ ಹೋಗಿ ಕೂತಳು. ಎರಡೂ ರೆಕ್ಕೆ ಹರಡಿದಳು. ಒರಟು ಕಲ್ಲು ಪೂರಾ ಮುಚ್ಚಿತು.

“ಒಂದೇ ಸಮ ಕಾಣಲಿ ಅಂತ ರೆಕ್ಕೆ ಉಜ್ಜಿದಿರಿ. ಆಚೆ ವರ್ಷದ ಬೇಸಿಗೆಯಲ್ಲಿ ಸತ್ತ ನನ್ನ ಮರಿಗಳೂ ಒಂದೇ ಸಮ ಕಂಡವು, ಅಜ್ಜ. ನನ್ನ ಮಕ್ಕಳ ರೆಕ್ಕೆಗೆ ಈ ಕಲ್ಲು ತಾಗಕೂಡದು.”

ಮೊದಲು ನಿಂಗಿ ಮುಂದೆ ಬಂದಳು. “ನಾನಂತೂ ಬೆಟ್ಟ ಹತ್ತೋಳಲ್ಲ ಕಣೇ. ನನಗೆ ಕಲ್ಲುಸಂದಿಯ ಗೂಡೇ ಸುಖ. ಆದರೆ ನಾಳೆಯಿಂದ ನಾನೂ ಉಜ್ಜಲ್ಲ” ಎಂದಳು. ಹಿಂದಿನಿಂದ ಒಬ್ಬೊಬ್ಬರಾಗಿ “ನಾನೂ”, “ನಾನೂ” ಎಂದರು. ಬೋರಜ್ಜ ತನ್ನ ಸವೆದ ರೆಕ್ಕೆಯ ತುದಿಯನ್ನು ಕೊಕ್ಕಿನಿಂದ ನೇವರಿಸಿಕೊಂಡ. ಆಮೇಲೆ, “ನನಗೂ ತುದಿ ಉರೀತಿತ್ತು ಬಿಡಿ” ಎಂದು ಗೊಣಗಿದ.

ಕಲ್ಲುಸಂದಿಯಲ್ಲಿ ತಿರುಗಿ ತಿರುಗಿ ನಿಂಗಿಯ ರೆಕ್ಕೆ ಗಿಡ್ಡವಾಗಿಯೇ ಉಳಿದು, ಅಗಲವಾಗಿ ದುಂಡಗಾಯಿತು. ಅಲ್ಲಿ ಬಚ್ಚಿಟ್ಟುಕೊಂಡ ನುಸಿ ಬರಗಾಲದಲ್ಲೂ ಅವಳಿಗೆ ಸಿಗತೊಡಗಿತು. ಕೆಂಚಿ ಒಮ್ಮೆ ಆ ಸಂದಿಗೆ ನುಗ್ಗಲು ಹೋಗಿ ಎರಡೂ ಕಡೆ ತಾಗಿಸಿಕೊಂಡಳು. “ರೆಕ್ಕೆ ಹೊರಗಿಟ್ಟು ಬಾರೇ!” ಎಂದು ನಿಂಗಿ ಬಿದ್ದು ಬಿದ್ದು ನಕ್ಕಳು.

ಚಳಿಗಾಲದ ಬೆಳಗ್ಗೆ ಕರೆಂಟು ತಂತಿಯ ಮೇಲೆ ಕೂತ ಕವಲುತೋಕೆಗಳನ್ನು ಈಗಲೂ ನೋಡು, ಮಗು. ಜಾತಿ ಒಂದೇ, ಬಾಲದ ಕವಲೂ ಒಂದೇ. ನೀಳ ರೆಕ್ಕೆಯವರು ಕೆಂಚಿಯ ಮಕ್ಕಳು, ಗಿಡ್ಡ ರೆಕ್ಕೆಯವರು ನಿಂಗಿಯ ಮಕ್ಕಳು. ಕೆಂಚಿಯ ಕಡೆಯವರಿಗೆ ಎರಡು ಊರಿದೆ, ತಾವೇ ಹಾರಿ ಬೆಳೆಸಿದ ರೆಕ್ಕೆಯಿದೆ, ಹಸಿವಿಗೆ ಸಿಗದ ಮರಿಗಳಿವೆ. ಅದಕ್ಕೆ ತೆತ್ತದ್ದೂ ಇದೆ. ಮುಂಗಾರಿನ ಮೊದಲ ಹನಿಗೆ ಈ ಕೆರೆಯ ಮಣ್ಣು ಘಮ್ಮೆನ್ನುವ ಹೊತ್ತಿಗೆ, ತಂತಿಯ ಮೇಲೆ ನೀಳ ರೆಕ್ಕೆಯವರು ಒಬ್ಬರೂ ಇರುವುದಿಲ್ಲ.