ಪೆಟ್ಟಿಗೆಯ ಖಾಲಿ ಗೂಡು

ಯುದ್ಧವಿಮಾನ ಪ್ರದರ್ಶನದ ಹಾರಾಟಕ್ಕೆ ಸಿಂಗರಿಸಿಕೊಂಡು ನಿಂತಿತ್ತು. ಅದನ್ನು ರಿಪೇರಿ ಮಾಡಿ ಮುಗಿಸಿದ ಸಾರ್ಜೆಂಟ್ ಬೋಪಯ್ಯ ಸಾಮಾನಿನ ಪೆಟ್ಟಿಗೆ ತೆರೆದ. ಅದರಲ್ಲಿ ಒಂದೊಂದು ಸಾಮಾನಿಗೂ ಅದರದೇ ಆಕಾರದ ಗೂಡು. ಸ್ಕ್ರೂಡ್ರೈವರಿನ ಗೂಡು ಖಾಲಿ! ಬೋಪಯ್ಯ ಪೆನ್ನನ್ನು ಜೇಬಿಗಿಟ್ಟು ಹುಡುಕಲು ಶುರುಮಾಡಿದ. ಸಾಮಾನೆಲ್ಲ ಎಣಿಸಿ ಸರಿಯಿದೆ ಎಂದು ಅವನ ಸಹಿ ಬೀಳದೆ ವಿಮಾನ ಕದಲುವಂತಿಲ್ಲ.

ವಿಮಾನ ಉರಿದುಬಿತ್ತು. "ಲೇ ತಗಡು ಡಬ್ಬಾ! ಗೇಣುದ್ದದ ಕಡ್ಡಿಗೋಸ್ಕರ ನಾನು ಕಾಯಬೇಕಾ? ಮುಚ್ಚಳ ಹಾಕ್ಕೊಂಡು ಎಲ್ಲ ಇದೆ ಅನ್ನು!"

ತಗಡಾದರೂ ಮಾನ ಇದೆಯಲ್ಲ, ಪೆಟ್ಟಿಗೆಯ ಮೈ ಕಾದ ಬಾಣಲೆಯಾಯಿತು. "ಬಾಯಿ ಮುಚ್ಚು! ನೀನು ಮೇಲೆ ಪಲ್ಟಿ ಹೊಡೆದರೆ ಚಪ್ಪಾಳೆ ನಿನಗೆ, ಕೆಳಗೆ ಬಿದ್ದರೆ ಬೈಗುಳ ಬೋಪಯ್ಯನಿಗೆ. ನಾನು ಸುಳ್ಳು ಹೇಳಲ್ಲ, ಹೋಗು!"

ಆಗ ವಿಮಾನದ ಎಂಜಿನ್ನಿನೊಳಗಿಂದ ಸಣ್ಣ ದನಿ ಬಂತು. "ಬೈಬೇಡಣ್ಣ, ಇಲ್ಲಿದೀನಿ. ನಾನೂ ಒಂದ್ಸಲ ಹಾರೋಣ ಅಂತ..."

"ಹಾರ್ತಿದ್ದೆ ಕಣೋ, ಚೂರುಚೂರಾಗಿ!" ಪೆಟ್ಟಿಗೆ ಗುಡುಗಿತು. "ಈ ಬಡಾಯಿಕೋರನನ್ನೂ ಪೈಲಟ್ಟನ್ನೂ ಜೊತೆಗೆ ಕರ್ಕೊಂಡು!"

ವಿಮಾನದ ರೆಕ್ಕೆ ತಣ್ಣಗಾಯಿತು. ಬೋಪಯ್ಯ ಎಂಜಿನ್ನಿಗೆ ಕೈ ಹಾಕಿ ಸ್ಕ್ರೂಡ್ರೈವರನ್ನು ಎಳೆದು ತಂದು ಗೂಡಿಗೆ ಕುಕ್ಕಿದ. ಸಹಿ ಹಾಕಲು ಪೆನ್ನು ತೆಗೆಯುವಷ್ಟರಲ್ಲಿ ವಿಮಾನವೇ ಮೆಲ್ಲಗೆ ಕೇಳಿತು:

"ಪೆಟ್ಟಿಗೆಯಣ್ಣಾ, ಇನ್ನೊಂದ್ಸಲ ಎಣಿಸಿಬಿಡ್ತೀಯಾ?"