ಎಡಗಡೆ ಸೀಟಿನ ಭಾರ

ಕೆಂಗಲ್ಲೂರು ಸಂಸ್ಥಾನದ ರಾಣಿ ದೇವೀರಮ್ಮಣ್ಣಿಯವರ ಅಪ್ಪಣೆಯನ್ನು ಡಂಗುರದವನು ಬೀದಿ ಬೀದಿಯಲ್ಲಿ ಸಾರಿದ. ತೀರಿಕೊಂಡ ಮಹಾರಾಜರ ಹಳೇ ಕಾರಿನ ಮುಂಭಾಗವನ್ನು ಪೂರಾ ಬಿಚ್ಚಿ ಹೊಸದಾಗಿ ಕಟ್ಟಿದ ಮೇಲೆ ಅದು ಯಾರ ಕೈಗೂ ಬಗ್ಗುತ್ತಿಲ್ಲ. ರಾಣಿಯವರು ಅದರ ಮೇಲೆ ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಕೇಳಿದ್ದನ್ನು ಕೊಡುತ್ತಾರೆ. ತಪ್ಪಿದವನು ಅದೇ ಕಾರಿನಲ್ಲಿ ಏಳು ತಿರುವಿನ ಘಾಟಿ ಇಳಿಯಬೇಕು.

ಘಾಟಿ ಇಳಿಯುವುದು ಅಂದರೆ ಏನು ಅಂತ ಊರಿಗೆ ಗೊತ್ತಿತ್ತು. ಅರಮನೆ ಡ್ರೈವರು ಮೂರನೇ ತಿರುವಿನಲ್ಲಿ ಕಾರಿನಿಂದ ಕಂದಕಕ್ಕೆ ಬಿದ್ದು ಸತ್ತು ಇನ್ನೂ ತಿಂಗಳಾಗಿರಲಿಲ್ಲ. ಕಾರು ಕಟ್ಟಿದವನು ದಿವಾನ ಭುಜಂಗರಾಯನ ಭಾವಮೈದ. ಆ ಮಹಾನುಭಾವನಿಗೆ ಸ್ಪ್ಯಾನರ್ ಹಿಡಿಯುವುದಕ್ಕಿಂತ ಎಲೆಯಡಿಕೆ ಮಡಿಸುವುದು ಚೆನ್ನಾಗಿ ಬರುತ್ತಿತ್ತು. ಜೈಲಿಗೆ ಹೋದವನು ಮಾತ್ರ ಕಮ್ಮಾರ ಈರಾಚಾರಿ. ಕಾರಿನ ಭಾರ ಹೊರುವ ಮುಂದಿನ ಎರಡು ಕಮಾನುಪಟ್ಟಿಗಳನ್ನು ಬಹಳ ಹಿಂದೆ ಅವನೇ ಬಡಿದಿದ್ದನಲ್ಲ, ತಪ್ಪೆಲ್ಲ ಅವುಗಳದೇ ಅಂತ ದಿವಾನ ಬರೆಸಿಬಿಟ್ಟ. ಅಮಾವಾಸ್ಯೆಗೆ ಗಲ್ಲು. ಮಗ ಮೌನೇಶ ಕಂಬಿ ಹಿಡಿದು ಎಷ್ಟು ಗೋಗರೆದರೂ ಈರಾಚಾರಿ ಬಾಯಿ ಬಿಡಲಿಲ್ಲ. "ದೊರೆಗಳಿಗೆ ಮಾತು ಕೊಟ್ಟಿದೀನಿ ಕಣಪ್ಪ" ಅಂದು ಗೋಡೆ ಕಡೆ ತಿರುಗಿದ.

ಊರಿಗಂತೂ ಆ ಕಾರಿನ ಎಡಗಡೆ ಸೀಟಿನದೇ ಧ್ಯಾನ. ಇಪ್ಪತ್ತು ವರ್ಷ ಮಹಾರಾಜರು ದಿನಾ ಸಂಜೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಪರದೆ ಇಳಿಬಿಟ್ಟಿರುತ್ತಿತ್ತು, ಒಳಗೆ ಎಡಗಡೆ ಯಾರೋ ಇರುತ್ತಿದ್ದರು. ಯಾರೋ ಏನು ಬಂತು, ಕೋಟೆ ಬೀದಿಯ ಹಾಡುಗಾತಿ ನೀಲಾಂಬರಿಯೇ ಅಂತ ಬಾವಿಕಟ್ಟೆಯ ಹೆಂಗಸರು ಅವಳ ಓಲೆಯ ಹರಳು ಸಮೇತ ವರ್ಣಿಸುತ್ತಿದ್ದರು. ಮಾತು ರಾಣಿಯವರ ಕಿವಿಗೂ ಬಿತ್ತು. ಅವತ್ತಿನಿಂದ ಗಂಡ ಸಾಯುವತನಕ ಅವರು ಅವನೊಡನೆ ಒಂದೇ ಒಂದು ಮಾತಾಡಲಿಲ್ಲ.

ಮೊದಲನೇ ಒಗಟಿಗೇ ಇಬ್ಬರು ಸೋತರು. ಪಟ್ಟಣದಲ್ಲಿ ಓದಿ ಬಂದ ಜಂಬದವನೊಬ್ಬ ಗ್ರೀಸ್ ಸಾಲದು ಅಂದ, ಬಳಿದರೂ ಕಾರು ಬಗ್ಗಲಿಲ್ಲ. ಅವನ ಹೆಣ ಸಿಗುವುದಕ್ಕೆ ಮೂರು ದಿನ ಹಿಡಿಯಿತು. ಜಮೀನ್ದಾರರ ಮಗನೊಬ್ಬ ಟೈರಿಗೆ ಗಾಳಿ ಕಮ್ಮಿ ಅಂದ, ತುಂಬಿಸಿದರೂ ಅಷ್ಟೇ. ಅವನು ಕಾರಿನಿಂದ ಹಾರಿ ಎರಡೂ ಕಾಲು ಮುರಿದುಕೊಂಡ. ಕಾರು ಮಾತ್ರ ಎರಡು ಸಲವೂ ದಿಬ್ಬಕ್ಕೆ ಮೂತಿ ಊರಿ ನಿಂತಿತ್ತು.

ಮೂರನೆಯವನಾಗಿ ಮೌನೇಶ ಬಂದ. ಅಂಗಿಯಲ್ಲಿ ಕಿಡಿ ಬಿದ್ದ ತೂತುಗಳು. ದರ್ಬಾರಿನವರು ಮೂಗು ಮುರಿದರು.

ರಾಣಿಯವರು ಕೇಳಿದರು: "ತಿರುಗಿಸಿದ ಕಡೆ ಹೋಗುತ್ತಾಳೆ, ಕೈ ಬಿಟ್ಟರೆ ನೇರಕ್ಕೆ ಮರಳುವುದಿಲ್ಲ. ಯಾಕೆ?"

ಮೌನೇಶ ಕಾರಿನಡಿಗೆ ಮಲಗಿ ನೋಡಿ ಎದ್ದ. "ಕಮಾನುಪಟ್ಟಿಗೂ ಗಾಲಿ ಅಚ್ಚಿಗೂ ನಡುವೆ ಒಂದು ಬೆಣೆ ಐತೆ ತಾಯಿ. ಅದರ ದಪ್ಪ ಅಂಚು ಹಿಂದಿರಬೇಕು, ಮುಂದಿಟ್ಟವ್ರೆ. ಅಚ್ಚು ಹಿಂದಕ್ಕೆ ಒರಗಿದ್ರೆ ಗಾಲಿ ತಾನಾಗೇ ನೇರಕ್ಕೆ ಬರ್ತದೆ. ಈಗ ಮುಂದಕ್ಕೆ ಮುಗ್ಗರಿಸಿದೆ."

"ಗಾಲಿ ಗಾಳಿಯಲ್ಲಿದ್ದಾಗ ಕಿರುಬೆರಳಿಗೆ ತಿರುಗುತ್ತಾಳೆ. ನೆಲ ಮುಟ್ಟಿದರೆ ಇಬ್ಬರು ಗಂಡಸರಿಗೂ ಜಗ್ಗುವುದಿಲ್ಲ. ಯಾಕೆ?"

"ಕೊಡ ಹೊರೋರು ಸಿಂಬಿಯನ್ನ ತಲೆ ಮೇಲಿಟ್ಟು ಅದರ ಮೇಲೆ ಕೊಡ ಇಡ್ತಾರೆ. ಇಲ್ಲಿ ಭಾರ ಹೊರೋ ಬೇರಿಂಗನ್ನ ಕೊಡದ ಮೇಲೆ ಸಿಂಬಿ ಇಟ್ಟಂಗೆ ಮೇಲಿಟ್ಟವ್ರೆ. ಕಬ್ಬಿಣದ ಮೇಲೆ ಕಬ್ಬಿಣ ಕೂತದೆ."

ಭಾವಮೈದ ಎಲೆಯಡಿಕೆ ನುಂಗಿದ. ಬಿಚ್ಚಿಸಿ ನೋಡಿದರೆ ಎರಡೂ ನಿಜ. ರಾಣಿಯವರು ದನಿ ತಗ್ಗಿಸಿ ಮೂರನೆಯದನ್ನು ಕೇಳಿದರು. "ಯಾರೂ ಕೂತಿಲ್ಲದಿದ್ದರೂ ಯಾರೋ ಕೂತ ಹಾಗೆ ಎಡಕ್ಕೆ ವಾಲುತ್ತಾಳೆ, ಎಡಕ್ಕೇ ಎಳೆಯುತ್ತಾಳೆ. ಆ ಭಾರ ಯಾರದು? ಇದರ ಉತ್ತರವೂ ನನಗೆ ಗೊತ್ತಿಲ್ಲ. ಸಾಬೀತು ಮಾಡಿ ತೋರಿಸಬೇಕು."

ದಿವಾನ ಮೌನೇಶನ ಪಕ್ಕಕ್ಕೆ ಸರಿದು ಪಿಸುಗುಟ್ಟಿದ. "ಸ್ಟೆಪ್ನಿ ಭಾರ ಅನ್ನು, ಒಪ್ಪಿಸೋದು ನನಗೆ ಬಿಡು. ಬೇರೆ ಏನಾದರೂ ಬಾಯಿಗೆ ಬಂದರೆ ನಿಮ್ಮಪ್ಪನ್ನ ಮರೆತುಬಿಡು."

ಮೌನೇಶ ದಿವಾನನಿಂದ ಒಂದು ಹೆಜ್ಜೆ ಸರಿದ. ಆಣೆ ಇಟ್ಟಿದ್ದು ಅಪ್ಪ, ತಾನಲ್ಲ. ಅವತ್ತು ಕುಲುಮೆಯ ಮೂಲೆಯಲ್ಲಿ ಆರು ವರ್ಷದ ತಾನಿರುವುದನ್ನು ದೊರೆಗಳು ಗಮನಿಸಿರಲೇ ಇಲ್ಲ.

"ಕಮಾನುಪಟ್ಟಿಗಳು ಅದಲು ಬದಲಾಗವೆ ತಾಯಿ" ಅಂದ. "ಅಲ್ಲಿ ಕೂರೋರ ಭಾರಕ್ಕೆ ಅಂತ ಎಡಗಡೆಯದಕ್ಕೆ ನಮ್ಮಪ್ಪ ಒಂದು ಪಟ್ಟಿ ಜಾಸ್ತಿ ಹಾಕಿದ್ದ. ಅದೀಗ ಬಲಕ್ಕೆ ಹೋಗಿದೆ. ಬಲ ಎದ್ದಿದೆ, ಎಡ ಕುಸಿದಿದೆ. ಸಂಜೆವರೆಗೆ ಬಿಡಿ, ಸಾಬೀತು ಮಾಡ್ತೀನಿ."

ಸಂಜೆಯೊಳಗೆ ಮೂರೂ ತಪ್ಪು ಸರಿಮಾಡಿದ. ಬಾನೆಟ್ ಮೇಲೆ ತುಂಬಿದ ತಂಬಿಗೆ ಇಟ್ಟು, ತಾನು ಓಡಿಸುವವನ ಜಾಗದಲ್ಲಿ ಕೂತ. ನೀರು ಬಲಕ್ಕೆ ಚೆಲ್ಲಿತು. ರಾಣಿಯವರು ನೀಲಾಂಬರಿಯನ್ನು ಕರೆಸಿ ಎಡಕ್ಕೆ ಕೂರಿಸಿದರು. ಒಣಗಿದ ನುಗ್ಗೆಕಾಯಿಯಂಥ ಹೆಂಗಸು. ತಂಬಿಗೆ ತುಂಬಿಟ್ಟರೆ ನೀರು ಆಗಲೂ ಬಲಕ್ಕೇ ಚೆಲ್ಲಿತು. ನೋಡಲು ನೆರೆದಿದ್ದ ಬಾವಿಕಟ್ಟೆಯವರ ಮುಖ ಸಪ್ಪಗಾಯಿತು.

"ಆನೆಲಾಯದಲ್ಲಿ ಆನೆ ಸತ್ತು ಮೂರು ವರ್ಷವಾಯ್ತು" ಅಂದ ಮೌನೇಶ. "ದಿನಾ ಎರಡು ಸೇರು ಅಕ್ಕಿ ಅನ್ನ ಅಲ್ಲಿಗೆ ಹೋಗೋದನ್ನ ನಾನೇ ಕಂಡಿದೀನಿ, ಯಾರಿಗೆ ಅಂತ ದಿವಾನರನ್ನ ಕೇಳಿ."

ರಾಣಿಯವರು ಸನ್ನೆ ಮಾಡಿದರು. ಕಾವಲಿನವರು ಹೋಗಿ ಬಾಗಿಲು ಒಡೆದರು. ಕೈ ಹಿಡಿದು ಕರೆತಂದದ್ದು ಗುಡ್ಡದಂಥ ಮೈಯ, ನರೆತ ಗಡ್ಡದ, ಮಗುವಿನ ಕಣ್ಣಿನ ಒಬ್ಬ ಗಂಡಸನ್ನು. ಮಹಾರಾಜರ ಅಣ್ಣ. ಬುದ್ಧಿ ಬೆಳೆಯಲಿಲ್ಲ ಅಂತ ಮುದಿ ರಾಣಿ ಚಿಕ್ಕಂದಿನಲ್ಲೇ ಬಚ್ಚಿಟ್ಟು, ಸತ್ತ ಅಂತ ಸಾರಿ, ಕಿರಿಯನಿಗೆ ಪಟ್ಟ ಕಟ್ಟಿಸಿದ್ದಳು. ಕಿರಿಯ ಆ ಪಾಪವನ್ನು ದಿನಾ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ತಿರುಗಾಡಿಸುತ್ತಿದ್ದ. ಅವನು ಸತ್ತ ಮೇಲೆ ಗುಟ್ಟು ಬಯಲಾಗದಂತೆ ದಿವಾನ ಆನೆಲಾಯಕ್ಕೆ ಬೀಗ ಜಡಿದಿದ್ದ. ಕುಲುಮೆಯಲ್ಲಿ ಅಣ್ಣನನ್ನು ತೂಗಿಸಿ, ಬಿಚ್ಚಿದ ಅವನ ಗುಂಡಿಯನ್ನು ದೊರೆಯೇ ಹಾಕಿದ್ದನ್ನು ಮೌನೇಶ ಕಂಡಿದ್ದ.

ದೊರೆಯ ಅಣ್ಣ ಯಾರನ್ನೂ ಕೇಳದೆ ನೆಟ್ಟಗೆ ಹೋಗಿ ಎಡಗಡೆ ಸೀಟಿನಲ್ಲಿ ಕೂತರು. ತುಂಬಿಟ್ಟ ತಂಬಿಗೆಯಿಂದ ಒಂದು ಹನಿಯೂ ಚೆಲ್ಲಲಿಲ್ಲ.

"ತಮ್ಮ ಎಲ್ಲಿ?" ಅಂತ ಕೇಳಿದರು.

ರಾಣಿಯವರು ಸೆರಗು ಬಾಯಿಗೊತ್ತಿಕೊಂಡರು. ಅಷ್ಟು ವರ್ಷದ ಮೌನವನ್ನು ಇನ್ನು ಯಾರ ಹತ್ತಿರ ಮುರಿಯುವುದು?

ಈರಾಚಾರಿ ಆ ಸಂಜೆಯೇ ಹೊರಬಂದ. ಮೌನೇಶ ಕೇಳಿದ್ದು ಅಷ್ಟೇ, ಅರಮನೆಯ ಮೋಟಾರು ಶೆಡ್ಡನ್ನು ರಾಣಿಯವರೇ ಮೇಲೆ ಸೇರಿಸಿ ಕೊಟ್ಟರು. ಘಾಟಿಗೆ ಕಳಿಸಿದ ಮೊದಲಿಬ್ಬರ ಮನೆಗೆ ತಾವೇ ನಡೆದು ಹೋಗಿ ಕ್ಷಮೆ ಕೇಳಿದರು. ದಿವಾನ, ಭಾವಮೈದ ಇಬ್ಬರೂ ಈರಾಚಾರಿ ಇದ್ದ ಜೈಲು ಕೋಣೆಗೇ ಹೋದರು.

ಮಾರನೇ ದಿನ ರಾಣಿಯವರು ಮೌನೇಶನನ್ನು ಕರೆದು, "ನನಗೆ ಓಡಿಸೋದು ಕಲಿಸಪ್ಪ. ಭಾವ ಕಾಯ್ತಾ ಇದಾರೆ" ಅಂದರು.

ಆಮೇಲೆ ದಿನಾ ಸಂಜೆ ಆ ಕಾರು ಊರ ನಡುವೆಯೇ ಹೋಗುತ್ತಿತ್ತು, ನೆಟ್ಟಗೆ, ಪರದೆ ಮೇಲೆತ್ತಿಕೊಂಡು.