ನಕ್ಷೆಯ ನಡುವಿನ ತೂತು

"ಗುರುಗಳೇ, ನಾನು ಯಾರೆಂದು ತಿಳಿಯಬೇಕಾದರೆ ಉಳಿದವರನ್ನೆಲ್ಲ ಬಿಟ್ಟು ನನ್ನೊಳಗೆ ನಾನೇ ನೋಡಿಕೊಳ್ಳಬೇಕು, ಅಲ್ಲವೇ?"

ಕೇಳಿದ ಶಿಷ್ಯ ಓದಿದವನು. ಉತ್ತರವನ್ನು ಮೊದಲೇ ಇಟ್ಟುಕೊಂಡು, ಹೌದು ಎನ್ನಿಸಿಕೊಳ್ಳಲು ಮಾತ್ರ ಕೇಳುವವನು.

"ನೋಡಿದೆಯಾ?" ಎಂದರು ಗುರುಗಳು.

"ನೋಡಿದೆ. ಏನೂ ಕಾಣಿಸಲಿಲ್ಲ. ಇಲ್ಲಿ ಇಷ್ಟು ಜನರ ಗದ್ದಲದಲ್ಲಿ ಕಾಣಿಸುವುದಾದರೂ ಹೇಗೆ? ದೂರ ಹೋಗಲು ಅಪ್ಪಣೆಯಾಗಬೇಕು."

ಗುರುಗಳು ಅಪ್ಪಣೆ ಕೊಡಲಿಲ್ಲ. ಬೇಡ ಎನ್ನಲೂ ಇಲ್ಲ. ಕತೆ ಹೇಳಿದರು.

ಕಪ್ಪು ಮಣ್ಣಿನ ಎರೆಸೀಮೆಯಲ್ಲಿ ಒಬ್ಬ ರೈತನಿದ್ದ. ರೈತ ಎನ್ನುವುದು ಅವನ ಮಾತು; ಹೊಲವಿರಲಿಲ್ಲ. ಅವನು ಚಿಕ್ಕವನಿದ್ದಾಗಲೇ ತಂದೆ ಊರು ಬಿಟ್ಟು ಬಂದಿದ್ದ. ತಂದೆ ತೀರಿಹೋಗುವ ಮುಂಚೆ, "ನಿಮ್ಮಜ್ಜ ಗುಡದಪ್ಪನ ಹೊಲ ಊರಾಗ ಐತಿ, ಹೋಗಿ ಹಿಡಿ" ಎಂದ. ಎಲ್ಲಿ ಎಂದು ಕೇಳಿದರೆ, "ಬೇವಿನ ಮರದ ಕೆಳಗ" ಎಂದ.

ರೈತ ಊರಿಗೆ ಬಂದ. ಬೇವಿನ ಮರ ಇರಲಿಲ್ಲ. ಊರ ಮುದುಕರು ಅವನನ್ನು ಕರೆದೊಯ್ದು ನಾಲ್ಕು ಹೊಲ ತೋರಿಸಿ, "ಇವುಗಳ ನಡುವೆ ಇತ್ತಂತೆ" ಎಂದರು. ನಡುವೆ ಕಾಲಿಡಲು ಜಾಗವಿರಲಿಲ್ಲ. ನಾಲ್ಕು ಹೊಲಗಳ ಬದುಗಳು ಒಂದಕ್ಕೊಂದು ತಾಗಿಕೊಂಡಿದ್ದವು.

ಎರೆಹೊಲದ ಬದು ನಡೆಯುತ್ತದೆ. ಬಿತ್ತುವಾಗ ಕೂರಿಗೆ ಒಂದು ಸಾಲು ಆಚೆ ಹೋಗುತ್ತದೆ, ಅಷ್ಟೇ. ಅದಕ್ಕೆ ಅಲ್ಲಿ ಯಾರೂ ಕಳ್ಳತನ ಎನ್ನುವುದಿಲ್ಲ. ಎತ್ತು ಎಳೆಯಿತು ಎನ್ನುತ್ತಾರೆ. ಗುಡದಪ್ಪನ ಹೊಲ ಬೀಳು ಬಿದ್ದ ಮೇಲೆ ನಾಲ್ವರ ಎತ್ತುಗಳೂ ಒಂದೇ ಕಡೆಗೆ ಎಳೆದಿದ್ದವು.

ರೈತ ನಾಲ್ವರನ್ನೂ ಕೇಳಿದ. ಮೂಡಣದ ಹೊಲದವನು ತನ್ನ ಜೋಳದ ನಡುವೆ ನಿಂತು ನಕ್ಕ. "ನಿಮ್ಮ ಹೊಲ ಎಲ್ಲೈತೋ ತಮ್ಮಾ? ಕಿಸೇದಾಗ ಇಟ್ಟುಕೊಂಡು ಹೋಗಿದ್ದನೇನ ನಿಮ್ಮಪ್ಪ? ಹುಡುಕಿ ನೋಡು, ತೂತು ಬಿದ್ದಿರಬೇಕು."

ಆ ಊರಿನಲ್ಲಿ ಹೊಲದ ಗಡಿಯ ಜಗಳಕ್ಕೆ ಹಳೆಯ ಪದ್ಧತಿಯೊಂದಿತ್ತು. ಹೊಲದ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ತನ್ನ ಮೇರೆಯ ಗುಂಟ ನಡೆಯಬೇಕು. ಸುಳ್ಳು ನಡೆದವನ ಮನೆತನ ಮಣ್ಣಾಗುತ್ತದೆ ಎಂದು ನಂಬಿಕೆ. ರೈತ ಅದನ್ನೇ ಬೇಡಿದ. ನಾಲ್ವರೂ ಸ್ನಾನ ಮಾಡಿ, ಹೆಂಟೆ ಹೊತ್ತು, ಅವನ ಅಜ್ಜನ ಹೊಲದ ಮೇಲೆಯೇ ನಡೆದರು. ಯಾರ ಕಾಲೂ ತಡವರಿಸಲಿಲ್ಲ. ಆ ವರ್ಷ ನಾಲ್ವರಿಗೂ ಬೆಳೆ ಚೆನ್ನಾಗಿ ಬಂತು.

ದೇವರಿಂದ ಆಗದ್ದು ಕಚೇರಿಯಿಂದ ಆದೀತು ಎಂದುಕೊಂಡು ರೈತ ಕಚೇರಿಗೆ ಹೋದ. ಹೊಲದ ದಾಖಲೆಯ ಪುಸ್ತಕವನ್ನು ಗೆದ್ದಲು ತಿಂದಿತ್ತು. ಊರಿನ ಹಳೆಯ ನಕ್ಷೆ ಉಳಿದಿತ್ತು. ಗುಮಾಸ್ತ ಅದನ್ನು ಮೇಜಿನ ಮೇಲೆ ಹಾಸಿದ. ಬಟ್ಟೆ ಅಂಟಿಸಿದ ದೊಡ್ಡ ಹಾಳೆ. ಹಳ್ಳ, ದಾರಿ, ಬಾವಿ, ಪ್ರತಿ ಹೊಲದ ಗೆರೆ, ಎಲ್ಲ ಕೂದಲೆಳೆಯಷ್ಟು ಸಣ್ಣಗೆ ಬರೆದಿದ್ದರು. ರೈತ ಗೆರೆಗಳ ಮೇಲೆ ಬೆರಳಿಟ್ಟುಕೊಂಡು ಹೋದ. ಮೂಡಣದವನ ಹೊಲ ಸಿಕ್ಕಿತು. ಪಡುವಣದವನ ಹೊಲ ಸಿಕ್ಕಿತು. ಅವುಗಳ ನಡುವೆ ಅವನ ಬೆರಳು ಮೇಜಿಗೆ ತಾಗಿತು.

ಆ ನಕ್ಷೆಯನ್ನು ತಲೆಮಾರುಗಳಿಂದ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮಡಚಿ ಇಟ್ಟಿದ್ದರು. ಎರಡು ಮಡಿಕೆ ಕೂಡುವ ಕಡೆ ಸವೆದು ತೂತು ಬಿದ್ದಿತ್ತು. ಅವನ ಹೊಲ ಆ ತೂತಿನಲ್ಲಿತ್ತು.

ಗುಮಾಸ್ತ ಕೆಟ್ಟವನಲ್ಲ. "ಎಲ್ಲರ ಹೊಲಾನೂ ಐತಿ ನೋಡಪ್ಪ, ನಿಂದೊಂದು ಬಿಟ್ಟು" ಎಂದು ಮರುಗಿ, ನಕ್ಷೆಯನ್ನು ಮತ್ತೆ ಅದೇ ಮಡಿಕೆಗೆ ಮಡಚಿಟ್ಟ.

ಭೂಮಿಯ ಮೇಲೂ ಇಲ್ಲ, ಕಾಗದದ ಮೇಲೂ ಇಲ್ಲ. ಅಜ್ಜನನ್ನು ರೈತ ಕಂಡಿರಲಿಲ್ಲ. ಮನೆಯಲ್ಲಿ ಅಜ್ಜನ ಪಟವಿರಲಿಲ್ಲ, ಊರಲ್ಲಿ ಅವನ ಸಮಾಧಿಯ ಗುರುತಿರಲಿಲ್ಲ. ಗುಡದಪ್ಪ ಎಂಬವನೊಬ್ಬ ಇದ್ದನೋ, ತಂದೆ ಜ್ವರದಲ್ಲಿ ಕಂಡ ಕನಸೋ ಎಂದು ಅವನಿಗೇ ಅನುಮಾನ ಬಂತು. ಆದರೂ ಊರು ಬಿಡಲಿಲ್ಲ. ಕೂಲಿ ಮಾಡಿಕೊಂಡು ನಿಂತ. ಆ ನಾಲ್ವರ ಹೆಸರನ್ನು ಇನ್ನು ಬಾಯಲ್ಲಿ ತರುವುದಿಲ್ಲ ಎಂದು ಆಣೆ ಹಾಕಿಕೊಂಡ. ಮೂಡಣದವನು, ಪಡುವಣದವನು, ಬಡಗಣದವನು, ತೆಂಕಣದವಳು. ಅವನ ಪಾಲಿಗೆ ಅವರು ಅಷ್ಟೇ ಆದರು.

ಕೆಲವು ಸುಗ್ಗಿ ಕಳೆದವು. ನಡುವೆ ತಿನ್ನಲು ಏನೂ ಉಳಿದಿರಲಿಲ್ಲವಾಗಿ ಎತ್ತುಗಳು ಈಗ ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಎಳೆಯತೊಡಗಿದವು. ಬಡಗಣದವನು ಮೂಡಣದವನ ಮೇಲೆ ಕುಡಗೋಲು ಎತ್ತಿದ. ಕೊನೆಗೆ ನಾಲ್ವರೂ ಸೇರಿ ಹೊಲ ಅಳೆಯುವ ಮೋಜಣಿದಾರನನ್ನು ಕರೆಸಿದರು. ಧರ್ಮಕ್ಕಲ್ಲ, ತನಗಿಂತ ಒಂದು ಸಾಲು ಹೆಚ್ಚು ಪಕ್ಕದವರಿಗೆ ದಕ್ಕಬಾರದು ಎಂದು.

ರೈತನೂ ಹೋದ. ಅವರು ಹೊಡೆದಾಡಿಕೊಳ್ಳುವುದನ್ನು ನೋಡುವ ಆಸೆ.

"ಅಳೀತೀನಿ, ಮೊದಲು ನಿಮ್ಮ ನಿಮ್ಮ ಹಳೇ ಹಾಳೆ ತರ್ರಿ" ಎಂದ ಮೋಜಣಿದಾರ. ನಾಲ್ವರೂ ತಂದರು. ಮೂಡಣದವನದು ತಂಬಾಕಿನ ಎಲೆಯ ನಡುವೆ ಇತ್ತು. ಪಡುವಣದವನದು ತಗಡಿನ ಕೊಳವೆಯಲ್ಲಿ. ಬಡಗಣದವನದು ದೇವರ ಜಗಲಿಯಿಂದ ಬಂತು. ತೆಂಕಣದವಳು ತನ್ನ ಮದುವೆಯ ಸೀರೆಯ ಮಡಿಕೆಯಿಂದ ತೆಗೆದಳು. ಒಂದಕ್ಕೂ ಹುಳು ತಗುಲಿರಲಿಲ್ಲ.

ಮೋಜಣಿದಾರ ಕಂಬಳಿ ಹಾಸಿ, ನಾಲ್ಕೂ ಹಾಳೆಗಳನ್ನು ಅವುಗಳ ದಿಕ್ಕಿಗೆ ಇಟ್ಟ. ಕೋನಕ್ಕೆ ಕೋನ ಕೂಡಿಸಿದ. ಹೊರಗಿನ ಗೆರೆಗಳು ಸರಿಯಾಗಿ ಕೂಡಿದವು. ನಡುವೆ ಕಂಬಳಿ ಕಾಣಿಸಿತು.

ಎಲ್ಲರೂ ಬಗ್ಗಿ ನೋಡಿದರು. ನಡುವಿನದು ಸುಮ್ಮನೆ ಬಿಟ್ಟ ಜಾಗವಾಗಿರಲಿಲ್ಲ. ಅದಕ್ಕೆ ಆಕಾರವಿತ್ತು. ಮೂಡಲಿಗೆ ಅಗಲ, ಪಡುವಲಿಗೆ ಕಿರಿದು, ತೆಂಕಲಲ್ಲಿ ಹಳ್ಳದ ಕಡೆಗೊಂದು ಮೊಣಕೈ ತಿರುವು. ಪ್ರತಿ ಹಾಳೆಯಲ್ಲೂ ಹೊಲದ ಚೆಕ್ಕುಬಂದಿ ಬರೆದಿತ್ತು. ಯಾವ ದಿಕ್ಕಿಗೆ ಯಾರ ಹೊಲ ಎಂಬ ಲೆಕ್ಕ. ಮೋಜಣಿದಾರ ಓದಿದ. ಮೂಡಣದವನ ಹಾಳೆ: ಪಡುವಣಕ್ಕೆ ಗುಡದಪ್ಪನ ಹೊಲ. ಪಡುವಣದವನ ಹಾಳೆ: ಮೂಡಣಕ್ಕೆ ಗುಡದಪ್ಪನ ಹೊಲ. ಬಡಗಣದವನ ಹಾಳೆ: ತೆಂಕಣಕ್ಕೆ ಗುಡದಪ್ಪನ ಹೊಲ. ತೆಂಕಣದವಳ ಹಾಳೆಯಲ್ಲಿ ಇನ್ನೂ ಒಂದು ಮಾತು ಹೆಚ್ಚಿತ್ತು: ಬಡಗಣಕ್ಕೆ ಗುಡದಪ್ಪನ ಹೊಲ, ಬೇವಿನ ಮರ ಅವನದು.

ಸ್ವಂತ ಮಗ ಬಿಟ್ಟುಹೋದ ಹೆಸರನ್ನು ಈ ನಾಲ್ಕು ಮನೆಗಳು ಇಷ್ಟು ಕಾಲ ಹುಳುವಿಗೂ ಮಳೆಗೂ ಕೊಡದೆ ಕಾಯ್ದಿದ್ದವು. ಹೊಲ ತಿಂದ ಕೈಗಳೇ ಹೆಸರು ಕಾಯ್ದಿದ್ದವು. ತಾವೇನು ಕಾಯುತ್ತಿದ್ದೇವೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಅಜ್ಜ ಇದ್ದ. ಅವನು ಇಷ್ಟಗಲ ಇದ್ದ, ಇಷ್ಟುದ್ದ ಇದ್ದ. ರೈತ ನೆಲಕ್ಕೆ ಕುಳಿತು ಕಂಬಳಿಯ ಮೇಲೆ, ಹಾಳೆಗಳ ನಡುವೆ, ಅಂಗೈ ಇಟ್ಟ.

"ಇದು ಯಾರದು?" ಎಂದ ಮೋಜಣಿದಾರ.

ಗಂಡಸರು ಮೂವರೂ ಆಕಾಶ ನೋಡಿದರು. ತೆಂಕಣದವಳು ಸೆರಗು ಸರಿಮಾಡಿಕೊಂಡಳು. "ಇವನದ ಬರಕೋರಿ. ಹೋದರ ನಾಲ್ಕೂ ಮಂದೀದು ಹೋಗಲಿ. ಇವರಿಗೆ ಉಳಿದು ನಂದಷ್ಟ ಯಾಕ ಹೋಗಬೇಕು?"

ಮೋಜಣಿದಾರ ಹೊಸ ಹಾಳೆ ತೆಗೆದು ರೈತನ ಕಡೆ ತಿರುಗಿದ. "ನಿನ್ನ ಚೆಕ್ಕುಬಂದಿ ಹೇಳು. ಮೂಡಣಕ್ಕೆ ಯಾರು?"

ರೈತನಿಗೆ ಆಣೆ ನೆನಪಾಗಿ, "ಮೂಡಣದವನು" ಎಂದ.

"ದಿಕ್ಕು ಹೇಳಿದರ ನಡೆಯೂದಿಲ್ಲಪ್ಪ, ಹೆಸರು ಬೇಕು" ಎಂದ ಮೋಜಣಿದಾರ. "ಹೆಸರಿಲ್ಲದಿದ್ದರ ಹೊಲಾನೂ ಇಲ್ಲ."

ರೈತ ಆಣೆ ಮುರಿದ. "ಮೂಡಣಕ್ಕೆ ಕರಿಯಪ್ಪನ ಮಗ ದ್ಯಾಮಣ್ಣ."

"ಇಲ್ಲೇ ಅದೀನ್ರಿ" ಎಂದ ಮೂಡಣದವನು, ನೆಲ ನೋಡುತ್ತ.

"ಪಡುವಣಕ್ಕೆ ಹುಸೇನಸಾಬನ ಮಗ ರಾಜೇಸಾಬ. ಬಡಗಣಕ್ಕೆ ಲಚ್ಚಪ್ಪನ ಮಗ ಯಂಕಪ್ಪ. ತೆಂಕಣಕ್ಕೆ..."

"ನನ್ನ ಗಂಡನ ಹೆಸರು ಬ್ಯಾಡ" ಎಂದಳು ಅವಳು. "ಹೊಲ ಉತ್ತಾಕಿ ನಾನು. ಫಕೀರವ್ವ ಅಂತ ಬರೀರಿ."

ಬರೆದರು. ಹಾಳೆ ರೈತನ ಕೈಗೆ ಬಂತು. ಹೊಲದ ನಾಲ್ಕು ಮೂಲೆಗೆ ಕಲ್ಲು ನೆಟ್ಟರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಅದು ಮುಗಿದಂತೆ ಕಾಣಲಿಲ್ಲ. "ಆಮೇಲೆ ಅವರು ನಾಲ್ವರೂ ಬದಲಾದರೇ?" ಎಂದು ಕೇಳಿದ.

"ಇಲ್ಲ. ಮರುವರ್ಷವೇ ಯಂಕಪ್ಪನ ಎತ್ತು ಒಂದು ಸಾಲು ಎಳೆಯಿತು. ರೈತ ಅವನ ಹೆಸರು ಹಿಡಿದು ಊರಿಗೆಲ್ಲ ಕೇಳುವಂತೆ ಬೈದ."

"ಹಾಗಾದರೆ ನನ್ನ ಪ್ರಶ್ನೆಗೆ ಇದು ಉತ್ತರ ಹೇಗಾಯಿತು?"

ಗುರುಗಳು ಎದ್ದು ನಿಂತರು.

"ದೂರ ಹೋಗು, ಬೇಡ ಎನ್ನುವುದಿಲ್ಲ; ಹೋಗುವ ಮುಂಚೆ ನಿನ್ನ ಚೆಕ್ಕುಬಂದಿ ಬರೆದಿಡೋಣ, ಮೂಡಣಕ್ಕೆ ಯಾರು, ಹೇಳು."

ಶಿಷ್ಯ ತನ್ನ ಮೂಡಣಕ್ಕೆ ಕೂತಿದ್ದವನ ಕಡೆ ತಿರುಗಿ ಅವನ ಹೆಸರು ಕೇಳಿದ.